ಬಿಡುವಿಲ್ಲದವರ ಕಾದಂಬರಿ

ಕಾದಂಬರಿ ಬರೆಯುವ ಆಸೆಯಿದೆ, ಬಿಡುವೇ ಇಲ್ಲ ಎಂದು ಆಫೀಸಿಗೆ ಹೋಗಿ ಬರುವ ನಾವು ಆಗಾಗ ಹಲುಬುತ್ತೇವೆ. ಆದರೆ ನಾವಿರುವ ಪುಣೆಯ ಇತಿಹಾಸವೇ ಇದಕ್ಕೆ ಉತ್ತರ ಹೇಳುತ್ತದೆ.

ಮರಾಠಿಯ ಹರಿ ನಾರಾಯಣ ಆಪಟೆಯವರು (1864–1919) ಸಂಸ್ಕೃತ ಗ್ರಂಥಗಳನ್ನು ಪ್ರಕಟಿಸುವ ಇಲ್ಲಿನ ಆನಂದಾಶ್ರಮದ ವ್ಯವಸ್ಥಾಪಕರಾಗಿದ್ದರು. ಆ ಹೊಣೆಯ ನಡುವೆಯೇ 1890ರಲ್ಲಿ ‘ಕರಮಣೂಕ’ ವಾರಪತ್ರಿಕೆ ಆರಂಭಿಸಿ, ಅದರಲ್ಲಿ ತಮ್ಮ ಕಾದಂಬರಿಗಳನ್ನು ಕಂತುಕಂತಾಗಿ ಪ್ರಕಟಿಸಿದರು. ವಾರ ಬಂದರೆ ಕಂತು ಸಿದ್ಧವಿರಬೇಕು. ಸ್ಫೂರ್ತಿಗಾಗಿ ಕಾಯುತ್ತ ಕೂರುವಂತಿರಲಿಲ್ಲ.

ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು (1869–1942) ಶಾಲಾ ಮಾಸ್ತರರು. ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗಾಗಿ ತಿಂಗಳು ತಿಂಗಳೂ ದುಡಿದರು. ಅನುವಾದದ ಜೊತೆಗೆ ‘ಮಾಧವ ಕರುಣಾ ವಿಲಾಸ’ದಂಥ ಸ್ವಂತ ಕೃತಿಗಳನ್ನೂ ರಚಿಸಿದರು. ಪುಸ್ತಕಗಳ ಹೊರೆ ಹೊತ್ತು ಊರೂರು ಅಲೆದು ಮಾರಿದರು. ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಕನ್ನಡ ಓದುವ ಹವ್ಯಾಸ ಬೆಳೆದದ್ದು ಇಂಥ ದುಡಿಮೆಯಿಂದ.

ಇವರಿಬ್ಬರಿಂದ ನಾವು ಕಲಿಯಬೇಕಾದದ್ದು ಇಷ್ಟೇ: ಕೆಲಸ ಸಣ್ಣ ಕಂತಾಗಿರಲಿ, ಗಡುವು ಖಚಿತವಿರಲಿ. ಸ್ವಂತ ಕಥೆ ಮುಂದೆ ಸಾಗದಿದ್ದಾಗ ನೆರೆಯ ಮರಾಠಿಯಿಂದ ನಾಲ್ಕು ಪುಟ ಅನುವಾದಿಸಿದರೂ ಕೈ ಪಳಗುತ್ತದೆ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಈ ಅನುಕೂಲ ಬೇರೆ ಉಂಟು. ದಿನವೂ ಫೈಲುಗಳಿಗೆ ತಾರೀಖು ಹಾಕುವ ನಾವು, ನಮ್ಮ ಮೊದಲ ಅಧ್ಯಾಯಕ್ಕೂ ಒಂದು ತಾರೀಖು ಹಾಕೋಣ.