ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬಟ್ಟೆಯೊಳಗಿನ ಮೈ ಕಾಣುತ್ತದೆಯೇ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಹುಬ್ಬಳ್ಳಿಗೆ ಹೋಗಿ ಮೊದಲ ಸಲ ವಿಮಾನ ಹತ್ತುವವರನ್ನು ಕಾಡುವ ಪ್ರಶ್ನೆ ಇದು. ಇದರಲ್ಲಿ ನಿಜವೆಷ್ಟು ನೋಡೋಣ.

ಬಾಗಿಲಿನ ಚೌಕಟ್ಟಿನಂಥ ಯಂತ್ರ ಲೋಹವನ್ನಷ್ಟೇ ಪತ್ತೆ ಮಾಡುತ್ತದೆ, ಚಿತ್ರ ತೆಗೆಯುವುದಿಲ್ಲ. ಎಕ್ಸ್-ರೇ ಬ್ಯಾಗಿಗೆ ಮಾತ್ರ.

ಹಾಗಾದರೆ ಸುದ್ದಿ ಹುಟ್ಟಿದ್ದೆಲ್ಲಿ? ಅಮೆರಿಕದ ಕೆಲವು ಸ್ಕ್ಯಾನರ್‌ಗಳು ಮೈಯಾಕಾರವನ್ನೇ ತೋರಿಸುತ್ತಿದ್ದವು. ಆಕ್ಷೇಪಗಳ ನಂತರ 2013ರಲ್ಲಿ ಅವುಗಳನ್ನು ತೆಗೆದರು.

ಆದರೆ ಲೋಹವಲ್ಲದ ಸ್ಫೋಟಕವನ್ನು ಬಾಗಿಲು ಯಂತ್ರ ಹಿಡಿಯದು. ಆದ್ದರಿಂದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2019ರಲ್ಲಿ ಸೂಕ್ಷ್ಮ ನಿಲ್ದಾಣಗಳಿಗೆ ಬಾಡಿ ಸ್ಕ್ಯಾನರ್ ಅಳವಡಿಸಲು ಸೂಚಿಸಿತು. ಮಿಲಿಮೀಟರ್ ತರಂಗದ ಈ ಯಂತ್ರದಲ್ಲಿ ಎಕ್ಸ್-ರೇ ಇಲ್ಲ. ಪರದೆಯ ಮೇಲೆ ಕಾಣುವುದು ಎಲ್ಲರಿಗೂ ಒಂದೇ ಗೊಂಬೆಯಾಕೃತಿ, ಅನುಮಾನವಿದ್ದ ಜಾಗಕ್ಕೊಂದು ಗುರುತು.

ಮಹಿಳೆಯರನ್ನು ಮಹಿಳಾ ಸಿಬ್ಬಂದಿಯೇ ಪರದೆಯ ಮರೆಯಲ್ಲಿ ತಪಾಸಿಸುತ್ತಾರೆ. ಪೇಸ್‌ಮೇಕರ್ ಇದ್ದವರು ಯಂತ್ರದ ಹತ್ತಿರ ಹೋಗುವ ಮೊದಲೇ ತಿಳಿಸಿ. ಮುಜುಗರವಾದರೆ ಪ್ರತ್ಯೇಕ ಕೋಣೆ ಕೇಳಿ, ಅದರಲ್ಲಿ ತಪ್ಪೇನಿಲ್ಲ.

ಭದ್ರತೆಗೆ ತಪಾಸಣೆ ಬೇಕು, ಮರ್ಯಾದೆಯೂ ಉಳಿಯಬೇಕು. ಹೆದರಿಸುವ ಫಾರ್ವರ್ಡ್ ಬಂದರೆ ಅದರ ಬದಲು ಇದನ್ನು ಕಳುಹಿಸಿ.