ಖಾಲಿ ಕೋಣೆಯ ಸದ್ದು

ಗದ್ದಲ ಯಾರಿಗೆ ಬೇಕು ಹೇಳಿ? ಘೋಡಬಂದರ್ ರಸ್ತೆಯಲ್ಲಿ ಮನೆ ಮಾಡಿದವರನ್ನು ಕೇಳಿದರೆ ಉತ್ತರ ಸಿಕ್ಕಿಬಿಡುತ್ತದೆ. ರಾತ್ರಿ ಹೊತ್ತು ಮಾಜಿವಾಡಾದಿಂದ ಕಾಸಾರವಡವಲಿ ತನಕ ಟ್ರಕ್ಕುಗಳ ಸಾಲು, ಹಾರ್ನು. ಆದರೆ ಇದೇ ರಸ್ತೆಯ ಫ್ಲ್ಯಾಟುಗಳಲ್ಲಿ ಕೂತು ಧಾರಾವಾಹಿಗೆ, ಜಾಹೀರಾತಿಗೆ ಹಿನ್ನೆಲೆ ಸಂಗೀತ ಮಾಡುವ ಹುಡುಗರಿದ್ದಾರಲ್ಲ, ಅವರು ಕಿಟಕಿಗೆ ದಪ್ಪ ಗಾಜು ಹಾಕಿಸಿ ಹೊರಗಿನ ಸದ್ದನ್ನೆಲ್ಲ ತಡೆದ ಮೇಲೆ, ಕಂಪ್ಯೂಟರಿನೊಳಗಿನ ವಯಲಿನ್ನಿಗೆ ತಾವೇ ಒಂದಿಷ್ಟು ಸದ್ದು ಬೆರೆಸುತ್ತಾರೆ! ಕುರ್ಚಿ ಕಿರ್ ಎನ್ನುವುದು, ಕಮಾನು ತಂತಿಗೆ ತಾಗುವುದು, ಯಾರೋ ಉಸಿರೆಳೆದುಕೊಳ್ಳುವುದು, ಖಾಲಿ ಸಭಾಂಗಣದ ಗುಂಯ್ ಅನ್ನುವ ಮೌನ. ಇದೇನು ಹುಚ್ಚು ಅನ್ನಿಸಿದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಾಲೆಯ ಪ್ರವಾಸದಲ್ಲಿ ವಿಜಾಪುರದ ಗೋಲಗುಮ್ಮಟಕ್ಕೆ ಹೋದವರೆಲ್ಲ ಒಂದು ಸಲ ಚಪ್ಪಾಳೆ ತಟ್ಟಿಯೇ ಇರುತ್ತೀರಿ. ಅಲ್ಲಿ ಸದ್ದು ಬಿಡಿಬಿಡಿಯಾಗಿ ಮರಳಿ ಬರುತ್ತದೆ. ಸಾಧಾರಣ ಕೋಣೆಯಲ್ಲೂ ಅದೇ ಆಗುವುದು. ಆದರೆ ಗೋಡೆ ಹತ್ತಿರವಿರುವುದರಿಂದ ಸಾವಿರಾರು ಸಣ್ಣ ಮಾರ್ದನಿಗಳು ಒಂದರ ಮೇಲೊಂದು ಬಿದ್ದು ಬಾಲದ ಹಾಗೆ ಎಳೆಯುತ್ತವೆ. ಅನುರಣನ ಅಂತಾರಲ್ಲ, ಅದು. 1895ರಲ್ಲಿ ಹಾರ್ವರ್ಡಿನ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಮೇಷ್ಟ್ರು ಹೇಳಿದ್ದು ಯಾರಿಗೂ ತಿಳಿಯದೇ ಹೋದಾಗ, ವ್ಯಾಲೇಸ್ ಸಾಬೀನ್ ಅನ್ನುವವರು ರಾತ್ರಿಯೆಲ್ಲ ಆರ್ಗನ್ ಕೊಳವೆ ಊದಿಸಿ, ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಹರಡಿ ಈ ಬಾಲವನ್ನು ಅಳೆದರು. 5.5 ಸೆಕೆಂಡಿನಷ್ಟಿತ್ತು! ಅವರ ಲೆಕ್ಕದ ಮೇಲೆಯೇ 1900ರಲ್ಲಿ ಬೋಸ್ಟನ್ನಿನ ಸಿಂಫನಿ ಹಾಲ್ ಎದ್ದಿತು.

ಇನ್ನು ನಮ್ಮ ಮುಂಬಯಿಗೆ ಬರೋಣ. ತಾಡದೇವದ ಫಿಲ್ಮ್ ಸೆಂಟರ್, ಬಾಂದ್ರಾದ ಮೆಹಬೂಬ್ ಸ್ಟುಡಿಯೋ ಇಂಥ ಕಡೆ ಹಾಡು ಮುದ್ರಿಸುತ್ತಿದ್ದ ಕಾಲ. ಗಾಯಕಿ, ತಬಲಾ, ಢೋಲಕ್, ಕೊಳಲು, ವಯಲಿನ್ನುಗಳ ಸಾಲು, ಎಲ್ಲ ಒಟ್ಟಿಗೇ. ಮೈಕುಗಳು ಬೆರಳೆಣಿಕೆಯಷ್ಟು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ ಶುರು. ವಯಲಿನ್ನಿನ ಸದ್ದು ಕೊಳಲಿನ ಮೈಕಿಗೆ, ಢೋಲಕ್ಕಿನದು ಗಾಯಕಿಯ ಮೈಕಿಗೆ ಸೋರುತ್ತಿತ್ತು. ಧ್ವನಿಮುದ್ರಕರಿಗೆ ಅದು ತಲೆನೋವೇ. ಆದರೆ ಇವರೆಲ್ಲ ಒಂದೇ ಕೋಣೆಯಲ್ಲಿ ಕೂತಿದ್ದಾರೆ ಅಂತ ನಮ್ಮ ಕಿವಿಗೆ ಗೊತ್ತಾಗುತ್ತಿದ್ದದ್ದು ಆ ಸೋರಿಕೆಯಿಂದಲೇ.

ಕೋಣೆ ಸಾಲದಿದ್ದರೆ ಬಚ್ಚಲು! ‘ಮೊಘಲ್-ಎ-ಆಜಂ’ (1960) ಚಿತ್ರದ ಶೀಶ್‌ಮಹಲ್ ಹಾಡಿಗೆ ಗುಂಯ್‌ಗುಡುವ ದನಿ ಬೇಕೆಂದು ನೌಶಾದರು ಲತಾ ಮಂಗೇಶ್ಕರರನ್ನು ಸ್ಟುಡಿಯೋದ ಬಚ್ಚಲಲ್ಲಿ ನಿಲ್ಲಿಸಿ ಹಾಡಿಸಿದರು ಅನ್ನುವ ಕಥೆ ಈ ಊರಲ್ಲಿ ಬಹಳ ಜನರ ಬಾಯಲ್ಲಿದೆ. ಬಣ್ಣ ಎಷ್ಟೋ ದೇವರಿಗೇ ಗೊತ್ತು, ಉಪಾಯವಂತೂ ಹಳೆಯದೇ. 1947ರಲ್ಲೇ ಶಿಕಾಗೋದ ಬಿಲ್ ಪುಟ್ನಮ್ ‘ಪೆಗ್ ಓ ಮೈ ಹಾರ್ಟ್’ ಎಂಬ ಹಾಡಿಗೆ ಬಚ್ಚಲಿನ ಮಾರ್ದನಿ ಬೆರೆಸಿ ಹೆಸರು ಮಾಡಿದ್ದರು.

ಆ ವಯಲಿನ್ ಸಾಲಿನಲ್ಲಿ ಕೂತವರು ಯಾರು? ಬಹಳಷ್ಟು ಜನ ಗೋವೆಯವರು. ಪೋರ್ಚುಗೀಸರ ಕಾಲದ ಚರ್ಚು ಶಾಲೆಗಳಲ್ಲಿ ಸ್ವರಲಿಪಿ ಕಲಿತು, ನಮ್ಮ ಹಾಗೆಯೇ ಊರು ಬಿಟ್ಟು ಬಂದವರು. ನಮ್ಮವರು ಹೋಟೆಲಿನ ಮಾಳಿಗೆಯಲ್ಲಿ ಮಲಗಿದರೆ ಅವರಿಗೆ ಧೋಬಿ ತಲಾವಿನ ‘ಕೂಡ್’ಗಳು, ಊರಿಗೊಂದರಂತೆ. ಮಜೋರ್ಡಾದ ಆಂಥನಿ ಗೊನ್ಸಾಲ್ವಿಸ್, ಮುಂದೆ ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯಾದವರ ಪೈಕಿ ಪ್ಯಾರೇಲಾಲರಿಗೆ ವಯಲಿನ್ ಗುರು. 1977ರ ‘ಅಮರ್ ಅಕ್ಬರ್ ಆಂಥನಿ’ಯ ಹಾಡಿನಲ್ಲಿರುವುದು ಅವರದೇ ಹೆಸರು. ಹೆಸರು ಎಲ್ಲರಿಗೂ ಗೊತ್ತು, ಮನುಷ್ಯ ಗೊತ್ತಿಲ್ಲ!

ಆಮೇಲೆ ಯಂತ್ರ ಬಂತು. 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಮೆಲೊಟ್ರಾನ್: ಕೀಲಿ ಒತ್ತಿದರೆ ನಿಜವಾದ ವಾದ್ಯ ಮುದ್ರಿಸಿದ ಟೇಪು ಓಡುವುದು, ಎಂಟು ಸೆಕೆಂಡಿಗೆ ಖಲಾಸ್. 1979ರಲ್ಲಿ ಆಸ್ಟ್ರೇಲಿಯಾದ ಫೇರ್‌ಲೈಟ್, ಟೇಪಿನ ಬದಲು ಕಂಪ್ಯೂಟರ್. ಅದರಲ್ಲಿ ಸ್ಟ್ರಾವಿನ್‌ಸ್ಕಿಯ ‘ಫೈರ್‌ಬರ್ಡ್’ ರೆಕಾರ್ಡಿನಿಂದ ಎತ್ತಿದ ಇಡೀ ಆರ್ಕೆಸ್ಟ್ರಾದ ಒಂದು ಢಂ ಇತ್ತು. ವಾದ್ಯಗಳ ಜೊತೆ ಸಭಾಂಗಣವೂ ಸೇರಿಯೇ ಬಂದಿತ್ತು, ಅದಕ್ಕೇ ಅದು ಅಷ್ಟು ದೊಡ್ಡದಾಗಿ ಕೇಳುವುದು. ಮುಂದೆ ಬಂದ ಅಗ್ಗದ ಕೀಬೋರ್ಡುಗಳಲ್ಲಿ ಅದಕ್ಕೆಲ್ಲ ಜಾಗವಿರಲಿಲ್ಲ. ಮೆಮೊರಿ ದುಬಾರಿ. ಹಾಗಾಗಿ ಸ್ವರದ ಬಾಲ ಕತ್ತರಿಸಿ, ನಡುವಿನ ತುಂಡನ್ನೇ ಸುತ್ತಿಸಿ ಸುತ್ತಿಸಿ ಉದ್ದ ಮಾಡಿದರು.

1992ರಲ್ಲಿ ‘ರೋಜಾ’ ಬಂದ ಮೇಲೆ ಕಂಪ್ಯೂಟರಿನಲ್ಲಿ ಹಾಡು ಕಟ್ಟುವುದೇ ರೂಢಿಯಾಯಿತು. ತೊಂಬತ್ತರ ದಶಕ ಮುಗಿಯುವುದರೊಳಗೆ ಮುಂಬಯಿಯ ದೊಡ್ಡ ವಯಲಿನ್ ಸಾಲುಗಳು ಕರಗಿದವು. ಗ್ರೆಗರಿ ಬೂತ್ ಎಂಬವರು ಆ ವಾದಕರನ್ನು ಹುಡುಕಿ ಮಾತಾಡಿಸಿ 2008ರಲ್ಲಿ ‘ಬಿಹೈಂಡ್ ದ ಕರ್ಟನ್’ ಅಂತ ಪುಸ್ತಕ ತಂದರು. ಈ ಊರಲ್ಲಿದ್ದು ಅದನ್ನು ಓದದಿದ್ದರೆ ನಷ್ಟ ನಮ್ಮದೇ. ನಮ್ಮ ಕನ್ನಡ ಹಾಡುಗಳ ಕಥೆಯೂ ಬೇರೆಯಲ್ಲ. ಬಹುಕಾಲ ಮದರಾಸಿನ ವಾದಕರನ್ನೇ ನೆಚ್ಚಿಕೊಂಡಿದ್ದವು. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದ ಶಂಕರ್ ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಸ್ಟುಡಿಯೋ ಕಟ್ಟಿದ್ದು ಎಂಬತ್ತರ ದಶಕದಲ್ಲಿ.

ಸರಿ, ಜನ ಹೋದರು. ಆಗ ಗೊತ್ತಾಯಿತು, ಏನೋ ಕಮ್ಮಿ ಬಿದ್ದಿದೆ ಅಂತ. ಒಂದೇ ಸ್ವರವನ್ನು ಬೇಗ ಬೇಗ ನುಡಿಸಿದರೆ ಮಷೀನ್‌ಗನ್ ಹೊಡೆದ ಹಾಗೆ, ಎಲ್ಲವೂ ತದ್ರೂಪು. ಸ್ವರ ನಿಂತ ತಕ್ಷಣ ಗೋಡೆಗೆ ಬಡಿದಂಥ ಮೌನ. ಸ್ಯಾಂಪಲ್ಲಿನೊಳಗೇ ಸದ್ದು ಬಿಟ್ಟರೋ, ಅದೂ ಕಷ್ಟ: ಹತ್ತು ಸ್ವರ ಒಟ್ಟಿಗೆ ಒತ್ತಿದರೆ ಹಿಸ್ಸೂ ಹತ್ತರಷ್ಟು, ಅಂದರೆ 10 ಡೆಸಿಬೆಲ್ ಏರುತ್ತದೆ, ಕೈ ಎತ್ತಿದರೆ ಪೂರ್ತಿ ಮಾಯ. ನಿಜವಾದ ಕೋಣೆ ಹಾಗೆ ಉಬ್ಬಸ ಪಡುವುದಿಲ್ಲ. ಅದಕ್ಕೇ ಈಗ ಸ್ಯಾಂಪಲ್ಲುಗಳನ್ನು ಆದಷ್ಟು ಶುದ್ಧವಾಗಿಟ್ಟು, ಖಾಲಿ ಕೋಣೆಯ ಸದ್ದನ್ನು ಹಾಡಿನ ಮೊದಲಿಂದ ಕೊನೆಯವರೆಗೆ ಬೇರೆಯಾಗಿ ಸಣ್ಣಗೆ ಓಡಿಸುತ್ತಾರೆ. ಕುರ್ಚಿ, ಉಸಿರು, ಪುಟ ತಿರುವುವುದು ಅದರ ಮೇಲೆ ಅಲ್ಲಲ್ಲಿ. ಉಪ್ಪಿನ ಹಾಗೆ, ಹಾಕಿದ್ದು ಗೊತ್ತಾದರೆ ಹೆಚ್ಚಾಯಿತು ಅಂತಲೇ ಅರ್ಥ.

ಕೋಣೆಯ ಬಾಲಕ್ಕೆ ಬೇರೆ ದಾರಿ. ಸಭಾಂಗಣದಲ್ಲಿ ಒಂದು ಪಿಸ್ತೂಲು ಹಾರಿಸಿ, ಇಲ್ಲವೇ ಕೆಳಗಿನಿಂದ ಮೇಲಕ್ಕೆ ಏರುವ ಒಂದು ಶಿಳ್ಳೆಯನ್ನು ಸ್ಪೀಕರಿನಲ್ಲಿ ನುಡಿಸಿ, ಕೋಣೆ ಕೊಟ್ಟ ಉತ್ತರ ಮುದ್ರಿಸಿಕೊಂಡರೆ ಅದು ಆ ಕೋಣೆಯ ಬೆರಳಚ್ಚು. ಯಾವ ವಾದ್ಯಕ್ಕೆ ಬೇಕಾದರೂ ಗಣಿತದಿಂದ ತೊಡಿಸಬಹುದು. ಸೋನಿಯ ಪೆಟ್ಟಿಗೆ 1999ರಲ್ಲಿ, ಆಲ್ಟಿವರ್ಬ್ ಎಂಬ ತಂತ್ರಾಂಶ 2001ರಲ್ಲಿ ಬಂತು. ವಿಯೆನ್ನಾದವರು ಮೌನದ ಸ್ಟುಡಿಯೋದಲ್ಲಿ ಒಣಒಣ ಸ್ಯಾಂಪಲ್ ಮುದ್ರಿಸಿ ಕೋಣೆಯನ್ನು ಆಮೇಲೆ ಸೇರಿಸಿ ಅಂದರು. ಲಂಡನ್ನಿನ ಸ್ಪಿಟ್‌ಫೈರ್‌ನವರು ಹಿಂದೆ ಚರ್ಚಾಗಿದ್ದ ಲಿಂಡ್‌ಹರ್ಸ್ಟ್ ಹಾಲಿನಲ್ಲೇ ಕೂರಿಸಿ ಮುದ್ರಿಸಿದರು. ಹೀಗಾಗಿ ಠಾಣೆಯ ಫ್ಲ್ಯಾಟಿನಲ್ಲಿ ತಯಾರಾದ ಸಂಗೀತಕ್ಕೆ ಧಾರಾವಾಹಿಯ ಸೊಸೆ ಅಳುವಾಗ ನಮಗೆ ಕೇಳಿಸುವ ಕೋಣೆ ಲಂಡನ್ನಿನ ಚರ್ಚೂ ಆಗಿರಬಹುದು!

ಇದನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಕಡಿಮೆ ದುಡ್ಡಿನ ಕನ್ನಡ, ತುಳು ಚಿತ್ರದವರು ಅರವತ್ತು ವಯಲಿನ್ನಿನವರಿಗೆ ಎಲ್ಲಿಂದ ಕೊಟ್ಟಾರು? ಆದರೆ ಬೆರೆಸುವುದು ಕೋಣೆಯನ್ನೇ ಆದರೆ ನಮ್ಮ ಕೋಣೆಗಳೇಕೆ ಆಗಬಾರದು? ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನ ಸಭಾಂಗಣವಿದೆ, ಇಲ್ಲೇ ಮಾನಪಾಡಾದ ಬಳಿ ಘಾಣೇಕರ್ ನಾಟ್ಯಗೃಹವಿದೆ. ಒಂದು ಲ್ಯಾಪ್‌ಟಾಪು, ಒಂದು ಸ್ಪೀಕರು, ಎರಡು ಮೈಕು, ಕಾರ್ಯಕ್ರಮ ಮುಗಿದ ಮೇಲೆ ಅರ್ಧ ಗಂಟೆ. ಆಸಕ್ತಿಯಿರುವ ಹುಡುಗರು ಹೋಗಿ ಕೇಳಿ ನೋಡಿ. ಶಿಳ್ಳೆ ನುಡಿಸಿದ ಮೇಲೆ ಎರಡು ನಿಮಿಷ ಯಾರೂ ಮಾತಾಡದೆ ಖಾಲಿ ಸಭಾಂಗಣವನ್ನೂ ಮುದ್ರಿಸಿಕೊಳ್ಳಿ, ಫ್ಯಾನು ಆರಿಸಿ ಒಂದು ಸಲ, ಹಚ್ಚಿ ಇನ್ನೊಂದು ಸಲ.