ಕೊಳೆಯಾದ ಚೆಂಡು ತೆಗೆದ ಜೀವ

ಬೇಸ್‌ಬಾಲ್ ನೋಡಿದ್ದೀರಾ? ಚೆಂಡಿಗೆ ಕೊಂಚ ಮಣ್ಣು ಮೆತ್ತಿದರೂ ಅಂಪೈರ್ ಹೊಸದನ್ನು ಕೊಡುತ್ತಾರೆ. ಇದರ ಹಿಂದೆ ಒಂದು ಸಾವಿದೆ.

ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಒಂದೇ ಚೆಂಡಿನಲ್ಲಿ ಬಹಳ ಹೊತ್ತು ಆಡುತ್ತಿದ್ದರು. ಎಸೆಯುವವರು ಅದಕ್ಕೆ ಎಂಜಲು, ಮಣ್ಣು, ತಂಬಾಕಿನ ರಸ ಸವರುತ್ತಿದ್ದರು. ಬಿಳಿ ಚೆಂಡು ಕಂದಾಗಿ, ಬೆಳಕು ಕಡಿಮೆಯಿದ್ದರೆ ಕಣ್ಣಿಗೇ ಬೀಳುತ್ತಿರಲಿಲ್ಲ.

1920ರ ಆಗಸ್ಟ್ 16. ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್ ಮೈದಾನ. ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್ ತಲೆಗೆ ಬಡಿಯಿತು. ಆ ಸದ್ದು ಕೇಳಿ ಬ್ಯಾಟಿಗೆ ತಾಗಿತೆಂದುಕೊಂಡ ಮೇಸ್, ಪುಟಿದು ಬಂದ ಚೆಂಡನ್ನು ಹಿಡಿದು ಮೊದಲ ಬೇಸ್‌ಗೆ ಎಸೆದರು! ಮರುದಿನ ಬೆಳಗ್ಗೆ ಚಾಪ್‌ಮನ್ ತೀರಿಕೊಂಡರು. ವಯಸ್ಸು ಬರೀ 29.

ಆಮೇಲೆ ಕೊಳೆಯಾದ ಚೆಂಡನ್ನು ತಕ್ಷಣ ಬದಲಿಸುವ ಕ್ರಮ ಬಂತು. ಆದರೆ ತಲೆಗೆ ಹೆಲ್ಮೆಟ್ ಕಡ್ಡಾಯವಾಗಲು 1971 ಬರಬೇಕಾಯಿತು.